ಎರಡು ಇಮೇಲ್‌ಗೂ ಉತ್ತರ ಬಾರದ ಇನ್‌ವಾಯ್ಸ್: ಮೂರನೆಯದನ್ನು ಹೇಗೆ ಬರೆಯಬೇಕು?

ಪ್ರಶ್ನೆ: ನಾನು ಸ್ವತಂತ್ರವಾಗಿ ವಿನ್ಯಾಸದ ಕೆಲಸ ಮಾಡುತ್ತೇನೆ. ಸಂಸ್ಥೆಯೊಂದಕ್ಕೆ ಕೆಲಸ ಮುಗಿಸಿಕೊಟ್ಟು ಮಾರ್ಚ್ 3ರಂದು ಇನ್‌ವಾಯ್ಸ್ ಕಳುಹಿಸಿದೆ. 30 ದಿನಗಳಲ್ಲಿ, ಅಂದರೆ ಏಪ್ರಿಲ್ 2ರೊಳಗೆ ಹಣ ಬರಬೇಕಿತ್ತು. ಇಂದು ಮೇ 12. ಈವರೆಗೆ ಎರಡು ಸಲ ನೆನಪಿಸಿ ಬರೆದಿದ್ದೇನೆ. ಎರಡನೆಯ ಇಮೇಲ್ ಹೀಗಿತ್ತು: “ನಮಸ್ಕಾರ. ನನ್ನ ಬಿಲ್ಲಿನ ಬಗ್ಗೆ ಬಿಡುವಾದಾಗ ಒಮ್ಮೆ ಗಮನ ಹರಿಸಬೇಕಾಗಿ ವಿನಂತಿ. ಪದೇ ಪದೇ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ. ಆದಷ್ಟು ಬೇಗ ಪಾವತಿಸಿದರೆ ಉಪಕಾರವಾಗುತ್ತದೆ.” ಯಾವುದಕ್ಕೂ ಉತ್ತರವಿಲ್ಲ. ಈ ಸಂಸ್ಥೆಯಿಂದ ಮುಂದೆಯೂ ಕೆಲಸ ಸಿಗುವ ಸಾಧ್ಯತೆಯಿದೆ. ಸಂಬಂಧ ಕೆಡಬಾರದು, ಹಣವೂ ಬರಬೇಕು. ಹೇಗೆ ಬರೆಯಲಿ?

ಉತ್ತರ: ನಿಮ್ಮ ಇಮೇಲ್‌ನಲ್ಲಿ ವಿನಯಕ್ಕೆ ಕೊರತೆಯಿಲ್ಲ. ಆದರೆ ಅದನ್ನು ಓದಿದವರು ಏನು ಮಾಡಬೇಕು ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ. ಯಾವ ಇನ್‌ವಾಯ್ಸ್, ಎಷ್ಟು ಮೊತ್ತ, ಗಡುವು ಮುಗಿದದ್ದು ಯಾವಾಗ ಎಂದು ತಿಳಿಯಲು ಅವರು ತಮ್ಮ ಹಳೆಯ ಇಮೇಲ್‌ಗಳನ್ನೆಲ್ಲ ಹುಡುಕಬೇಕು. ಹುಡುಕಿ ಸಿಕ್ಕಿದರೂ ಯಾವ ದಿನದೊಳಗೆ ಏನು ತಿಳಿಸಬೇಕು ಎಂಬ ಸೂಚನೆಯಿಲ್ಲ. “ಬಿಡುವಾದಾಗ” ಎಂದು ನೀವೇ ಬರೆದಿದ್ದೀರಿ. ಕೆಲಸದ ಒತ್ತಡವಿರುವ ಕಚೇರಿಯಲ್ಲಿ ಬಿಡುವಾದಾಗ ಮಾಡಬೇಕಾದ ಕೆಲಸ ಎಂದೂ ಆಗುವುದಿಲ್ಲ. “ಉಪಕಾರವಾಗುತ್ತದೆ” ಎಂಬ ಮಾತು ನಿಮಗೆ ಸಲ್ಲಬೇಕಾದ ಹಣವನ್ನು ಅವರ ಔದಾರ್ಯಕ್ಕೆ ಬಿಟ್ಟುಕೊಟ್ಟಂತೆ ಕೇಳಿಸುತ್ತದೆ. ಹಾಗಾಗಿ ಉತ್ತರ ಬಾರದಿದ್ದುದನ್ನು ಅವರ ಅಪ್ರಾಮಾಣಿಕತೆಗೆ ಸಾಕ್ಷಿ ಎಂದು ಈಗಲೇ ತೀರ್ಮಾನಿಸಬೇಡಿ. ಮೊದಲು ತಿಳಿಯಬೇಕಾದದ್ದು ಒಂದೇ: ನಿಮ್ಮ ಇನ್‌ವಾಯ್ಸ್ ಅವರ ಕಚೇರಿಯೊಳಗೆ ಎಲ್ಲಿ ನಿಂತಿದೆ? ಬಾಕಿ ಕೇಳಿ ಬರೆಯುವ ಇಮೇಲ್‌ನ ಮುಖ್ಯ ಕೆಲಸ ಅದನ್ನು ಪತ್ತೆಹಚ್ಚುವುದೇ ಎಂದು ನಾನು ಬಲವಾಗಿ ನಂಬಿದ್ದೇನೆ, ಏಕೆಂದರೆ ಬಿಲ್ ಕಳುಹಿಸುವವರ ಕಡೆಯಲ್ಲೂ ಪಾವತಿ ಮಾಡುವವರ ಕಡೆಯಲ್ಲೂ ಕುಳಿತು ಈ ಕಡತಗಳನ್ನು ನೋಡಿದ್ದೇನೆ.

ಪಾವತಿ ಮಾಡುವ ಕಡೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಣ್ಣ ಸಂಸ್ಥೆಗಳಲ್ಲಿ ಮಾಲೀಕರೇ ಇನ್‌ವಾಯ್ಸ್ ನೋಡಿ ಹಣ ಕಳುಹಿಸಿಬಿಡಬಹುದು. ಸಂಸ್ಥೆ ಸ್ವಲ್ಪ ದೊಡ್ಡದಾದರೆ ಕೆಲಸ ಹೇಳಿದವರೇ ಬೇರೆ, ಹಣ ಕೊಡುವವರೇ ಬೇರೆ. ನಿಮ್ಮೊಂದಿಗೆ ಮಾತನಾಡಿ ಕೆಲಸ ಒಪ್ಪಿಸಿದವರು ಇನ್‌ವಾಯ್ಸನ್ನು ಅಕೌಂಟ್ಸ್ ವಿಭಾಗಕ್ಕೆ ಕಳುಹಿಸಬೇಕು. ಆ ವಿಭಾಗದವರು ಅದನ್ನು ತಮ್ಮ ವ್ಯವಸ್ಥೆಯಲ್ಲಿ ದಾಖಲಿಸಬೇಕು. ಬಳಿಕ ಪರ್ಚೇಸ್ ಆರ್ಡರ್ (ಕೆಲಸ ಒಪ್ಪಿಸುವಾಗ ಸಂಸ್ಥೆ ಕೊಡುವ ಲಿಖಿತ ಆದೇಶ), ಕೆಲಸ ಕೈಸೇರಿದೆ ಎಂಬ ದಾಖಲೆ ಮತ್ತು ಇನ್‌ವಾಯ್ಸ್ ಈ ಮೂರನ್ನೂ ಒಂದರೊಡನೊಂದು ತಾಳೆ ನೋಡುತ್ತಾರೆ. ಮೊತ್ತದಲ್ಲಿ ಅಲ್ಪ ವ್ಯತ್ಯಾಸವಿದ್ದರೂ, ಪರ್ಚೇಸ್ ಆರ್ಡರ್ ಸಂಖ್ಯೆ ನಮೂದಾಗದಿದ್ದರೂ, ತೆರಿಗೆಯ ವಿವರ ತಪ್ಪಾಗಿದ್ದರೂ ಇನ್‌ವಾಯ್ಸ್ ಅಲ್ಲಿಯೇ ತಡೆಯಾಗುತ್ತದೆ, ಮತ್ತು ತಡೆಯಾಗಿದೆ ಎಂದು ನಿಮಗೆ ತಿಳಿಸುವುದು ಬಹಳ ಕಡೆ ಯಾರ ಜವಾಬ್ದಾರಿಯೂ ಆಗಿರುವುದಿಲ್ಲ. ನೀವು ಅವರಿಗೆ ಹೊಸಬರಾದರೆ ಪೂರೈಕೆದಾರರ ಪಟ್ಟಿಯಲ್ಲಿ ನಿಮ್ಮ ಹೆಸರು, ಬ್ಯಾಂಕ್ ಖಾತೆ ಮತ್ತು ತೆರಿಗೆ ಸಂಖ್ಯೆ ಸೇರುವವರೆಗೆ ಹಣ ಹೊರಡುವುದೇ ಇಲ್ಲ. ಎಲ್ಲವೂ ಸರಿಯಾದ ಮೇಲೆ ಅಧಿಕಾರವುಳ್ಳವರ ಅನುಮೋದನೆ ಬೇಕು. ಅವರು ರಜೆಯಲ್ಲಿದ್ದರೆ ಅಲ್ಲಿಯೂ ನಿಲ್ಲುತ್ತದೆ. ಅನುಮೋದನೆ ಸಿಕ್ಕ ಇನ್‌ವಾಯ್ಸ್‌ಗಳಿಗೂ ದಿನಾಲೂ ಪಾವತಿ ಆಗುವುದಿಲ್ಲ. ವಾರಕ್ಕೊಮ್ಮೆಯೋ, ಹದಿನೈದು ದಿನಕ್ಕೊಮ್ಮೆಯೋ, ತಿಂಗಳ ಕೊನೆಯಲ್ಲೋ ಒಟ್ಟಿಗೆ ಹಣ ಬಿಡುಗಡೆ ಮಾಡುವ ಪದ್ಧತಿ ಅನೇಕ ಸಂಸ್ಥೆಗಳಲ್ಲಿದೆ. ಆ ಸುತ್ತಿನ ಪಟ್ಟಿ ಮುಚ್ಚಿದ ಮರುದಿನ ನಿಮ್ಮ ಇನ್‌ವಾಯ್ಸ್‌ಗೆ ಅನುಮೋದನೆ ಸಿಕ್ಕಿದರೆ ಅದು ಮುಂದಿನ ಸುತ್ತಿಗೆ ಹೋಗುತ್ತದೆ.

ಇದಲ್ಲದೆ 30 ದಿನ ಎಂಬುದನ್ನೂ ಎಲ್ಲರೂ ಒಂದೇ ಬಗೆಯಲ್ಲಿ ಎಣಿಸುವುದಿಲ್ಲ. ನೀವು ಇನ್‌ವಾಯ್ಸ್‌ನ ದಿನಾಂಕದಿಂದ ಎಣಿಸುತ್ತೀರಿ. ಅವರು ತಮಗೆ ಇನ್‌ವಾಯ್ಸ್ ತಲುಪಿದ ದಿನದಿಂದಲೋ, ಆ ತಿಂಗಳು ಮುಗಿದ ದಿನದಿಂದಲೋ ಎಣಿಸುತ್ತಿರಬಹುದು. ಕೊನೆಯದಾಗಿ, ನಿಜವಾಗಿಯೂ ಹಣದ ಮುಗ್ಗಟ್ಟಿನಲ್ಲಿರುವ ಸಂಸ್ಥೆಗಳಿರುತ್ತವೆ, ಬೇಕೆಂದೇ ಸತಾಯಿಸುವವರೂ ಇರುತ್ತಾರೆ. ಈ ಎಲ್ಲ ಕಾರಣಗಳೂ ಹೊರಗಿನಿಂದ ನೋಡಿದಾಗ ಒಂದೇ ರೀತಿ ಕಾಣುತ್ತವೆ: ಮೌನ. ಕಾರಣ ತಿಳಿಯದೆ ನೀವು ಬರೆಯುವ ಪತ್ರ ಅತಿ ಮೃದುವಾಗಬಹುದು, ಇಲ್ಲವೇ ಅನಗತ್ಯವಾಗಿ ಕಟುವಾಗಬಹುದು.

ಆದ್ದರಿಂದ ಮೂರನೆಯ ಇಮೇಲ್‌ನಲ್ಲಿ “ಹಣ ಕೊಡಿ” ಎಂದಷ್ಟೇ ಕೇಳದೆ, ಒಂದೆರಡು ನಿಮಿಷದಲ್ಲಿ ಉತ್ತರಿಸಬಹುದಾದ ನಿರ್ದಿಷ್ಟ ಪ್ರಶ್ನೆಯನ್ನು ಮುಂದಿಡಿ. ನಿಮ್ಮ ಸಂದರ್ಭಕ್ಕೆ ನಾನು ಹೀಗೆ ಬರೆಯುತ್ತೇನೆ.

ವಿಷಯ: ಇನ್‌ವಾಯ್ಸ್ 114, ಗಡುವು ಏಪ್ರಿಲ್ 2 – ಪಾವತಿಯ ದಿನಾಂಕ ತಿಳಿಸಲು ಕೋರಿಕೆ

“ಮಾನ್ಯರೇ, ಮಾರ್ಚ್ 3ರಂದು ಕಳುಹಿಸಿದ ಇನ್‌ವಾಯ್ಸ್ 114ರ ಪಾವತಿ ಈವರೆಗೆ ನನ್ನ ಖಾತೆಗೆ ಬಂದಿಲ್ಲ. ಅದರ ಗಡುವು ಏಪ್ರಿಲ್ 2ಕ್ಕೆ ಮುಗಿದಿದ್ದು, ಇಂದಿಗೆ 40 ದಿನಗಳಾಗಿವೆ. ಈ ಕುರಿತು ಹಿಂದೆ ಎರಡು ಬಾರಿ ಬರೆದಿದ್ದೇನೆ. ಇನ್‌ವಾಯ್ಸ್‌ನ ಪ್ರತಿಯನ್ನು ಮತ್ತೊಮ್ಮೆ ಲಗತ್ತಿಸಿದ್ದೇನೆ. ಮೊತ್ತ ಮತ್ತು ಬ್ಯಾಂಕ್ ವಿವರಗಳು ಅದರಲ್ಲಿವೆ. ಇದು ಅಕೌಂಟ್ಸ್ ವಿಭಾಗಕ್ಕೆ ತಲುಪಿ ಅನುಮೋದನೆಯಾಗಿದೆಯೇ, ಆಗಿದ್ದರೆ ಯಾವ ದಿನಾಂಕದಂದು ಪಾವತಿಯಾಗುತ್ತದೆ ಎಂಬುದನ್ನು ಮೇ 15, ಶುಕ್ರವಾರದೊಳಗೆ ತಿಳಿಸಬೇಕಾಗಿ ಕೋರುತ್ತೇನೆ. ಯಾವುದಾದರೂ ದಾಖಲೆ ಅಥವಾ ತಿದ್ದುಪಡಿ ಬೇಕಿದ್ದರೆ ಹೇಳಿ, ಅದೇ ದಿನ ಕಳುಹಿಸುತ್ತೇನೆ. ಈ ವಿಷಯವನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರೆ ಅವರ ಹೆಸರು ಮತ್ತು ಇಮೇಲ್ ವಿಳಾಸ ಕೊಟ್ಟರೆ ನೇರವಾಗಿ ಅವರಿಗೇ ಬರೆಯುತ್ತೇನೆ. ವಂದನೆಗಳು.”

ಈ ಪತ್ರದಲ್ಲಿ ಕೋಪವೂ ಇಲ್ಲ, ಅಂಗಲಾಚುವಿಕೆಯೂ ಇಲ್ಲ. ಕೆಲಸಕ್ಕೆ ಬರುವುದು ಮುಖ್ಯವಾಗಿ ಅದರ ಕೊನೆಯ ಮೂರು ವಾಕ್ಯಗಳು. ಮೊದಲನೆಯದು ಇನ್‌ವಾಯ್ಸ್ ಯಾವ ಹಂತದಲ್ಲಿದೆ ಎಂದು ಕೇಳುತ್ತದೆ ಮತ್ತು ಉತ್ತರಕ್ಕೆ ದಿನಾಂಕ ಕೊಡುತ್ತದೆ. ಹಣಕ್ಕಲ್ಲ, ಉತ್ತರಕ್ಕೆ ಎಂಬುದನ್ನು ಗಮನಿಸಿ: ನಿಮ್ಮ ಸಂಪರ್ಕದಲ್ಲಿರುವವರ ಕೈಯಲ್ಲಿ ಹಣ ಬಿಡುಗಡೆ ಮಾಡುವ ಅಧಿಕಾರ ಇಲ್ಲದಿರಬಹುದು, ಆದರೆ ವಿಚಾರಿಸಿ ತಿಳಿಸುವುದು ಅವರಿಂದ ಖಂಡಿತ ಸಾಧ್ಯ. ಎರಡನೆಯ ವಾಕ್ಯ ಅವರ ಕಡೆ ತೊಡಕೇನಾದರೂ ಇದ್ದರೆ ಹೇಳಿಕೊಳ್ಳಲು ದಾರಿ ಮಾಡಿಕೊಡುತ್ತದೆ. ಮೂರನೆಯದು, ತಪ್ಪಾದ ವ್ಯಕ್ತಿಗೆ ಬರೆಯುತ್ತಿದ್ದರೆ ಸರಿಯಾದ ವ್ಯಕ್ತಿಯತ್ತ ನಿಮ್ಮನ್ನು ದಾಟಿಸುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಟ್ಟಿರುವುದು ಈ ಮೂರನೆಯ ವಾಕ್ಯವೇ, ಏಕೆಂದರೆ ಇನ್‌ವಾಯ್ಸ್‌ನ ನಿಜವಾದ ಸ್ಥಿತಿ ತಿಳಿದಿರುವುದು ಅಕೌಂಟ್ಸ್ ವಿಭಾಗದಲ್ಲಿ ಅದನ್ನು ದಾಖಲಿಸುವವರಿಗೆ, ಮತ್ತು ಅವರೊಂದಿಗೆ ನೇರ ಸಂಪರ್ಕ ಬೆಳೆದರೆ ಮುಂದಿನ ಎಲ್ಲ ಬಾಕಿಗಳ ವಿಚಾರವೂ ಸುಲಭವಾಗುತ್ತದೆ.

ವಿಷಯದ ಸಾಲಿನಲ್ಲಿ “ನೆನಪೋಲೆ”, “ತುರ್ತು”, “ಬಿಲ್ ಬಗ್ಗೆ” ಎಂದು ಬರೆಯುವುದಕ್ಕಿಂತ ಇನ್‌ವಾಯ್ಸ್ ಸಂಖ್ಯೆ ಮತ್ತು ಗಡುವಿನ ದಿನಾಂಕ ಬರೆಯಿರಿ. ಇಮೇಲ್ ತೆರೆಯುವ ಮೊದಲೇ ವಿಷಯ ತಿಳಿಯುತ್ತದೆ, ತಿಂಗಳುಗಳ ನಂತರ ಹುಡುಕಿದರೂ ಸಿಗುತ್ತದೆ. ಹಳೆಯ ಇಮೇಲ್‌ಗೇ ಪ್ರತ್ಯುತ್ತರವಾಗಿ ಕಳುಹಿಸಿದರೆ ಹಿಂದಿನ ಪತ್ರವ್ಯವಹಾರವೆಲ್ಲ ಕೆಳಗೆ ಕಾಣುತ್ತದೆ. ಆದರೆ ಎರಡು ಪತ್ರಗಳಿಗೂ ಉತ್ತರ ಬಾರದಿರುವಾಗ, ಆ ಸರಣಿ ಅವರ ಕಣ್ಣಿಗೇ ಬೀಳದಿರುವ ಸಾಧ್ಯತೆಯೂ ಇರುವುದರಿಂದ, ಹೊಸ ವಿಷಯದ ಸಾಲಿನೊಂದಿಗೆ ಹೊಸದಾಗಿ ಬರೆದು ಹಿಂದಿನ ದಿನಾಂಕಗಳನ್ನು ಒಳಗೆ ಉಲ್ಲೇಖಿಸುವುದು ಒಳ್ಳೆಯದು. ಇನ್‌ವಾಯ್ಸ್‌ನ ಪ್ರತಿಯನ್ನು ಪ್ರತಿ ಸಲವೂ ಲಗತ್ತಿಸಿ, ಆದರೆ ಅದೇ ಸಂಖ್ಯೆಯ ಅದೇ ಪ್ರತಿಯನ್ನೇ. ನೆನಪಿಸುವ ನೆಪದಲ್ಲಿ ಹೊಸ ಸಂಖ್ಯೆ, ಹೊಸ ದಿನಾಂಕ ಹಾಕಿ ಇನ್ನೊಂದು ಇನ್‌ವಾಯ್ಸ್ ಕಳುಹಿಸಿದರೆ ಅವರ ವ್ಯವಸ್ಥೆಯಲ್ಲಿ ಅದು ಎರಡನೆಯ ಬೇಡಿಕೆಯಾಗಿ ದಾಖಲಾಗಬಹುದು, ಗಡುವಿನ ಲೆಕ್ಕವೂ ಹೊಸದಾಗಿ ಶುರುವಾಗಬಹುದು, ನಿಮ್ಮ ತೆರಿಗೆ ಲೆಕ್ಕವೂ ಗೋಜಲಾಗುತ್ತದೆ. ಒಂದಕ್ಕಿಂತ ಹೆಚ್ಚು ಇನ್‌ವಾಯ್ಸ್ ಬಾಕಿಯಿದ್ದರೆ ಒಂದೊಂದಕ್ಕೂ ಬೇರೆ ಇಮೇಲ್ ಬೇಡ. ಸಂಖ್ಯೆ, ದಿನಾಂಕ, ಗಡುವು, ಮೊತ್ತ, ಭಾಗಶಃ ಬಂದಿರುವ ಹಣ ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಕೊಟ್ಟು ಒಟ್ಟು ಬಾಕಿಯನ್ನು ಕೊನೆಯಲ್ಲಿ ಬರೆಯಿರಿ. ಕ್ಲೈಂಟ್ ಬೇರೆ ದೇಶದವರಾದರೆ ಮೊತ್ತದೊಂದಿಗೆ ಕರೆನ್ಸಿಯ ಹೆಸರು ಬರೆಯಿರಿ, ತಿಂಗಳನ್ನು ಅಂಕಿಯಲ್ಲಲ್ಲದೆ ಹೆಸರಿನಲ್ಲಿ ಬರೆಯಿರಿ. 4/5 ಎಂಬುದು ಒಂದು ಕಡೆ ಮೇ 4 ಆದರೆ ಇನ್ನೊಂದು ಕಡೆ ಏಪ್ರಿಲ್ 5 ಆಗುತ್ತದೆ.

ಬ್ಯಾಂಕ್ ವಿವರದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಪೂರೈಕೆದಾರರ ಇಮೇಲ್ ಖಾತೆಗೆ ಕನ್ನ ಹಾಕಿ, ಅವರ ಹೆಸರಿನಲ್ಲೇ “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿಯನ್ನು ಈ ಹೊಸ ಖಾತೆಗೆ ಕಳುಹಿಸಿ” ಎಂದು ಬರೆದು ಹಣ ಲಪಟಾಯಿಸುವ ವಂಚನೆ ಜಗತ್ತಿನೆಲ್ಲೆಡೆ ನಡೆಯುತ್ತಿದೆ. ಹಾಗಾಗಿ ಬಾಕಿ ಕೇಳುವ ಇಮೇಲ್‌ನಲ್ಲೇ ಹೊಸ ಖಾತೆಯ ವಿವರ ಕಂಡರೆ ಜಾಗರೂಕರಾದ ಅಕೌಂಟ್ಸ್ ವಿಭಾಗದವರು ಪಾವತಿಯನ್ನು ತಡೆಹಿಡಿಯುತ್ತಾರೆ, ಹಿಡಿಯಲೂ ಬೇಕು. ಖಾತೆ ನಿಜವಾಗಿಯೂ ಬದಲಾಗಿದ್ದರೆ ಅದನ್ನು ಪ್ರತ್ಯೇಕ ಪತ್ರದಲ್ಲಿ ತಿಳಿಸಿ, ಅವರಿಗೆ ಮೊದಲಿನಿಂದ ಗೊತ್ತಿರುವ ಸಂಖ್ಯೆಯಿಂದ ಫೋನ್ ಮಾಡಿ ಖಚಿತಪಡಿಸಿ.

ಇನ್ನು ಧಾಟಿಯ ಮಾತು. ನಿಮ್ಮನ್ನು ಕಟ್ಟಿಹಾಕಿರುವುದು ದಾಕ್ಷಿಣ್ಯ. ಹಣ ಕೇಳುವುದೇ ಒರಟುತನ ಎಂಬ ಅಳುಕಿನಿಂದ ನಾವು ಮೊದಲ ಪತ್ರಗಳಲ್ಲಿ ಅತಿಯಾಗಿ ಬಾಗುತ್ತೇವೆ, ಉತ್ತರ ಬಾರದಾಗ ಅವಮಾನವಾದಂತಾಗಿ ನಾಲ್ಕನೆಯ ಪತ್ರದಲ್ಲಿ ಸಿಡಿಯುತ್ತೇವೆ. ಸಂಬಂಧ ಕೆಡುವುದು ಈ ಜಿಗಿತದಿಂದ. ಮೊದಲ ಪತ್ರದಿಂದಲೇ ಸ್ಪಷ್ಟವಾಗಿದ್ದರೆ ಸಿಡಿಯುವ ಅಗತ್ಯ ಬರುವುದಿಲ್ಲ. ಮಾಡಿಕೊಟ್ಟ ಕೆಲಸದ ಹಣ ಕೇಳುವುದು ತೊಂದರೆ ಕೊಟ್ಟಂತಲ್ಲ. ಆದ್ದರಿಂದ ಕ್ಷಮೆ ಕೇಳುವ ಸಾಲನ್ನು ಪೂರ್ತಿ ತೆಗೆದುಹಾಕಿ. ಮನೆಯ ಖರ್ಚು, ಕಂತು, ಕಾಯಿಲೆ ಮುಂತಾದ ಸ್ವಂತ ಕಷ್ಟಗಳನ್ನೂ ಬರೆಯಬೇಡಿ. ಅವು ನಿಜವೇ ಆಗಿರಬಹುದು, ಆದರೆ ಹಣ ಸಲ್ಲಬೇಕಾದದ್ದು ಕೆಲಸ ಮುಗಿದದ್ದಕ್ಕೆ, ನಿಮ್ಮ ಕಷ್ಟಕ್ಕಲ್ಲ. ಕಷ್ಟ ಹೇಳಿಕೊಂಡ ಕೂಡಲೇ ಹಕ್ಕಿನ ಮಾತು ಕನಿಕರದ ಮಾತಾಗುತ್ತದೆ, ಮತ್ತು ಹಣದ ಮುಗ್ಗಟ್ಟಿರುವ ಕ್ಲೈಂಟ್ ತನ್ನ ಕಷ್ಟವನ್ನು ನಿಮ್ಮ ಕಷ್ಟದ ಎದುರಿಗಿಟ್ಟು ತೂಗತೊಡಗುತ್ತಾನೆ.

ಆರಂಭದ ಪತ್ರಗಳಲ್ಲಿ ವಾಕ್ಯದ ಕೇಂದ್ರದಲ್ಲಿ ಇನ್‌ವಾಯ್ಸ್ ಇರಲಿ, ವ್ಯಕ್ತಿ ಬೇಡ. “ನೀವು ಇನ್ನೂ ಹಣ ಕೊಟ್ಟಿಲ್ಲ” ಎಂಬುದಕ್ಕೂ “ಪಾವತಿ ಈವರೆಗೆ ಬಂದಿಲ್ಲ” ಎಂಬುದಕ್ಕೂ ಮಾಹಿತಿಯಲ್ಲಿ ವ್ಯತ್ಯಾಸವಿಲ್ಲ, ಆದರೆ ಮೊದಲನೆಯದನ್ನು ಓದಿದವರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಡುತ್ತಾರೆ, ಎರಡನೆಯದನ್ನು ಓದಿದವರು ಹಣ ಏಕೆ ಬಂದಿಲ್ಲವೆಂದು ನೋಡಲು ಹೊರಡುತ್ತಾರೆ. ಹಾಗೆಯೇ ಮೇಲಧಿಕಾರಿಗಳ ವಿಳಾಸವನ್ನು ಇಮೇಲ್‌ನ ಪ್ರತಿಯ (ಸಿಸಿ) ಸಾಲಿನಲ್ಲಿ ಸೇರಿಸುವುದನ್ನು ಈ ಹಂತದಲ್ಲಿ ಮಾಡಬೇಡಿ. ನಿಮ್ಮೊಂದಿಗೆ ಕೆಲಸ ಮಾಡಿದವರನ್ನು ಅವರ ಮೇಲಿನವರ ಮುಂದೆ ನಿಲ್ಲಿಸಿದಂತಾಗುತ್ತದೆ. ಕಚೇರಿಯೊಳಗೆ ನಿಮ್ಮ ಪರವಾಗಿ ಮಾತನಾಡಬಹುದಾಗಿದ್ದ ಒಬ್ಬರನ್ನು ನೀವೇ ದೂರ ಮಾಡಿಕೊಳ್ಳುತ್ತೀರಿ.

ಮೇ 15ರೊಳಗೆ ಉತ್ತರ ಬಂದರೆ ಅದು ಯಾವ ಬಗೆಯದು ಎಂಬುದರ ಮೇಲೆ ಮುಂದಿನ ನಡೆ ನಿಂತಿರುತ್ತದೆ. ದಾಖಲೆ ಬೇಕು ಎಂದರೆ ಅದೇ ದಿನ ಕಳುಹಿಸಿ, ಹೊಸ ಪಾವತಿ ದಿನಾಂಕವನ್ನು ಅದೇ ಪತ್ರದಲ್ಲಿ ಕೇಳಿ. “ಪಾವತಿಯಾಗಿದೆ” ಎಂದರೆ ಯಾವ ದಿನ, ಯಾವ ಖಾತೆಗೆ, ಬ್ಯಾಂಕಿನ ವಹಿವಾಟು ಸಂಖ್ಯೆ ಏನು ಎಂದು ವಿಚಾರಿಸಿ. ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿ ಹಣ ಅವರಿಗೇ ಮರಳಿರುವುದೂ ಉಂಟು. “ಪರಿಶೀಲಿಸುತ್ತೇವೆ” ಎಂದಷ್ಟೇ ಬಂದರೆ ಅದನ್ನು ಉತ್ತರವೆಂದು ಭಾವಿಸಬೇಡಿ. ಧನ್ಯವಾದ ಹೇಳಿ, “ಪರಿಶೀಲನೆಯ ಫಲಿತಾಂಶ ಮೇ 20ರೊಳಗೆ ತಿಳಿಯಬಹುದೆಂದು ಭಾವಿಸಿದ್ದೇನೆ; ಅಂದು ಮತ್ತೆ ಸಂಪರ್ಕಿಸುತ್ತೇನೆ” ಎಂದು ಬರೆದು, ಅಂದು ತಪ್ಪದೆ ಬರೆಯಿರಿ.

ಕೆಲಸದ ಗುಣಮಟ್ಟದ ಬಗ್ಗೆಯೇ ತಕರಾರು ಎತ್ತಿದರೆ ವಿಷಯ ಬೇರೆಯಾಗುತ್ತದೆ. ಗಡುವು ಕಳೆದು 40 ದಿನವಾದ ಮೇಲೆ ಮೊದಲ ಬಾರಿಗೆ ತಕರಾರು ಕೇಳಿದರೆ ಸಿಟ್ಟು ಬರುವುದು ಸಹಜ, ಆದರೆ ಆ ಸಿಟ್ಟನ್ನು ಪತ್ರಕ್ಕೆ ತರಬೇಡಿ. ಯಾವ ಭಾಗದಲ್ಲಿ ಏನು ಕೊರತೆ ಎಂದು ಲಿಖಿತವಾಗಿ ಕೇಳಿ, ಕೆಲಸವನ್ನು ಅವರು ಸ್ವೀಕರಿಸಿ ಒಪ್ಪಿಗೆ ಸೂಚಿಸಿದ ಇಮೇಲ್ ಇದ್ದರೆ ಅದರ ದಿನಾಂಕವನ್ನು ಉಲ್ಲೇಖಿಸಿ, ತಕರಾರಿಲ್ಲದ ಭಾಗದ ಹಣವನ್ನು ಈಗಲೇ ಪಾವತಿಸುವಂತೆ ಕೋರಿ. ಒಂದು ಸಣ್ಣ ಭಾಗದ ವಿವಾದಕ್ಕಾಗಿ ಇಡೀ ಇನ್‌ವಾಯ್ಸ್ ತಡೆಯುವ ಅಗತ್ಯವಿಲ್ಲ ಎಂಬ ಕೋರಿಕೆಯನ್ನು ನ್ಯಾಯವಾಗಿ ನಡೆದುಕೊಳ್ಳುವ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುತ್ತವೆ.

ಹಣವೇ ಇಲ್ಲ ಎಂದು ಯಾರಾದರೂ ಪ್ರಾಮಾಣಿಕವಾಗಿ ಹೇಳಿಕೊಂಡರೆ ಅದನ್ನು ಗೌರವಿಸಿ, ಆದರೆ ದಿನಾಂಕವಿಲ್ಲದ ಭರವಸೆಗೆ ಒಪ್ಪಬೇಡಿ. ಕಂತುಗಳಿಗೆ ಒಪ್ಪಬಹುದು. ಪ್ರತಿ ಕಂತಿನ ಮೊತ್ತ ಮತ್ತು ದಿನಾಂಕವನ್ನು ಬರೆದು, ಮೊದಲ ಕಂತು ತಕ್ಷಣವೇ ಬರುವಂತೆ ಕೇಳಿ, ಒಂದು ಕಂತು ತಪ್ಪಿದರೂ ಉಳಿದ ಪೂರ್ತಿ ಮೊತ್ತ ಕೂಡಲೇ ಸಲ್ಲಬೇಕಾಗುತ್ತದೆ ಎಂಬ ಸಾಲು ಸೇರಿಸಿ, ಅವರಿಂದ “ಒಪ್ಪಿದ್ದೇವೆ” ಎಂಬ ಲಿಖಿತ ಉತ್ತರ ಪಡೆಯಿರಿ. ಇಲ್ಲಿ ಇನ್ನೊಂದು ಲಾಭವೂ ಇದೆ. ಬಾಕಿ ವಸೂಲಿಗೆ ನ್ಯಾಯಾಲಯದ ಮೊರೆ ಹೋಗಲು ಕಾಲಮಿತಿಯಿರುತ್ತದೆ: ಭಾರತದಲ್ಲಿ 1963ರ ಕಾಲಮಿತಿ ಕಾಯ್ದೆಯಡಿ ಇಂಥ ಬಾಕಿಗೆ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 1980ರ ಕಾಯ್ದೆಯಡಿ 6 ವರ್ಷ. ಆ ಅವಧಿ ಮುಗಿಯುವ ಮೊದಲು ಬಾಕಿದಾರರು ಸಹಿ ಇರುವ ಬರಹದಲ್ಲಿ ಬಾಕಿಯನ್ನು ಒಪ್ಪಿಕೊಂಡರೆ ಎರಡೂ ಕಡೆ ಅವಧಿ ಹೊಸದಾಗಿ ಎಣಿಕೆಯಾಗುತ್ತದೆ. ಹೀಗಾಗಿ ಬಾಕಿ ಇರುವುದು ನಿಜ ಎಂದು ಅವರಿಂದ ಬರಹದಲ್ಲಿ ಬರುವ ಒಂದು ಸಾಲು ಹತ್ತು ಫೋನ್ ಕರೆಗಳಿಗಿಂತ ಬೆಲೆಯುಳ್ಳದ್ದು.

ಹಾಗೆಂದು ಫೋನ್ ಮಾಡಬಾರದೆಂದಲ್ಲ. ಮೂರನೆಯ ಇಮೇಲ್‌ಗೂ ಉತ್ತರ ಬಾರದಿದ್ದರೆ ನಾಲ್ಕನೆಯದನ್ನು ಬರೆಯುವ ಮೊದಲು ಫೋನ್ ಮಾಡಲೇಬೇಕು. ಇಮೇಲ್ ಅವರ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿರಬಹುದು, ನಿಮ್ಮ ಸಂಪರ್ಕದಲ್ಲಿದ್ದವರು ಆ ಕೆಲಸವನ್ನೇ ಬಿಟ್ಟಿರಬಹುದು. ಆದರೆ ಫೋನಿನಲ್ಲಿ ಸಿಕ್ಕ ಮಾತನ್ನು ಅದೇ ದಿನ ಬರಹಕ್ಕೆ ಇಳಿಸಿ. “ಇಂದು ಫೋನಿನಲ್ಲಿ ತಾವು ತಿಳಿಸಿದಂತೆ ಇನ್‌ವಾಯ್ಸ್ 114ರ ಪೂರ್ತಿ ಮೊತ್ತವು ಮೇ 22ರಂದು ಪಾವತಿಯಾಗಲಿದೆ ಎಂದು ಅರ್ಥ ಮಾಡಿಕೊಂಡಿದ್ದೇನೆ. ಇದರಲ್ಲಿ ವ್ಯತ್ಯಾಸವಿದ್ದರೆ ದಯವಿಟ್ಟು ತಿಳಿಸಿ. ಮಾತನಾಡಲು ಸಮಯ ಕೊಟ್ಟದ್ದಕ್ಕೆ ಧನ್ಯವಾದಗಳು.” ಇಷ್ಟು ಸಾಕು. ಮೇ 22ರಂದು ಹಣ ಬಾರದಿದ್ದರೆ ಮಾರನೆಯ ಕೆಲಸದ ದಿನವೇ ಬರೆಯಿರಿ. ಒಂದು ವಾರ ಕಾದು ಬರೆದರೆ ನೀವು ಹಾಕಿದ ದಿನಾಂಕಗಳನ್ನು ನೀವೇ ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂದು ಅವರಿಗೆ ತಿಳಿದುಬಿಡುತ್ತದೆ. ಕೊಟ್ಟ ಮಾತು ತಪ್ಪಿದ ನಂತರದ ಪತ್ರದಲ್ಲಿ ವ್ಯಕ್ತಿಯನ್ನು ಹೆಸರಿಸುವುದು ನ್ಯಾಯವೇ: “ಮೇ 22ರಂದು ಪಾವತಿಸುವುದಾಗಿ ತಾವು ತಿಳಿಸಿದ್ದಿರಿ. ಹಣ ಬಂದಿಲ್ಲ. ಕಾರಣವನ್ನೂ ಪಾವತಿಯ ಖಚಿತ ದಿನಾಂಕವನ್ನೂ ನಾಳೆ ಸಂಜೆಯೊಳಗೆ ತಿಳಿಸಿ.” ಮೇಲಧಿಕಾರಿಗೋ ಹಣಕಾಸು ಮುಖ್ಯಸ್ಥರಿಗೋ ಪ್ರತಿ ಕಳುಹಿಸುವ ಸಮಯ ಇದು. ಕಳುಹಿಸುವ ಮೊದಲು ನಿಮ್ಮ ಸಂಪರ್ಕದಲ್ಲಿರುವವರಿಗೆ ಹೇಳಿ ಕಳುಹಿಸಿದರೆ ಇನ್ನೂ ಒಳ್ಳೆಯದು. ಬಹಳ ಸಲ ಆ ಮಾತು ಕೇಳಿದ ಕೂಡಲೇ ಕೆಲಸ ಮುಂದೆ ಸಾಗುತ್ತದೆ.

ಇದೆಲ್ಲ ಆದ ಮೇಲೂ ಪ್ರಯೋಜನವಾಗದಿದ್ದರೆ ಕೊನೆಯ ಸೂಚನೆ ಬರೆಯಬೇಕಾಗುತ್ತದೆ. ಇದು ಉಳಿದವುಗಳಿಗಿಂತ ಚಿಕ್ಕದಾಗಿ, ಭಾವನೆಯ ಸೋಂಕಿಲ್ಲದೆ ಇರಬೇಕು, ಏಕೆಂದರೆ ಮುಂದೆ ವಕೀಲರೋ ನ್ಯಾಯಾಧೀಶರೋ ಇದನ್ನು ಓದಬಹುದು. “ಇನ್‌ವಾಯ್ಸ್ 114ರ ಗಡುವು ಏಪ್ರಿಲ್ 2ಕ್ಕೆ ಮುಗಿದಿದೆ. ಹಿಂದಿನ ಪತ್ರಗಳ ಮತ್ತು ಫೋನ್ ಸಂಭಾಷಣೆಗಳ ದಿನಾಂಕಗಳನ್ನು ಕೆಳಗೆ ಕೊಟ್ಟಿದ್ದೇನೆ. ಕೆಲಸದ ಬಗ್ಗೆ ತಮ್ಮಿಂದ ಯಾವ ತಕರಾರೂ ಬಂದಿಲ್ಲ. ಜೂನ್ 12ರೊಳಗೆ ಪೂರ್ತಿ ಮೊತ್ತ ನನ್ನ ಖಾತೆಗೆ ಬಾರದಿದ್ದರೆ, ಮತ್ತೆ ಸೂಚನೆ ನೀಡದೆ, ಬಾಕಿಯ ವಸೂಲಿಗಾಗಿ ಕಾನೂನು ಕ್ರಮ ಕೈಗೊಳ್ಳುತ್ತೇನೆ.” ಇಲ್ಲಿ ಬರೆಯುವ ಪರಿಣಾಮವನ್ನು ನೀವು ನಿಜವಾಗಿಯೂ ಜಾರಿಗೆ ತರಲು ಸಿದ್ಧರಿರಬೇಕು. ಸಿದ್ಧರಿಲ್ಲದಿದ್ದರೆ ಆ ಸಾಲು ಬೇಡ. ಹುಸಿಯಾದ ಒಂದು ಎಚ್ಚರಿಕೆ ಮುಂದಿನ ಎಲ್ಲ ಎಚ್ಚರಿಕೆಗಳನ್ನೂ ಹುಸಿ ಮಾಡುತ್ತದೆ. ಇದನ್ನು ಇಮೇಲ್‌ನೊಂದಿಗೆ, ತಲುಪಿದ್ದಕ್ಕೆ ದಾಖಲೆ ಸಿಗುವಂಥ ಅಂಚೆಯಲ್ಲೂ ಕಳುಹಿಸಿ. ಸಾಮಾಜಿಕ ಜಾಲತಾಣಗಳಲ್ಲಿ ಸಂಸ್ಥೆಯ ಹೆಸರು ಹಾಕಿ ಬರೆಯುತ್ತೇನೆ ಎಂಬ ಬೆದರಿಕೆಯನ್ನು ಯಾವ ಹಂತದಲ್ಲೂ ಹಾಕಬೇಡಿ. ಮಾನಹಾನಿಯ ಮೊಕದ್ದಮೆಗೆ ಅದು ದಾರಿಯಾಗಬಹುದು, ಹಣದ ವಿಷಯವಾಗಿದ್ದ ಜಗಳ ಆಗ ನಿಮ್ಮ ನಡತೆಯ ವಿಷಯವಾಗಿಬಿಡುತ್ತದೆ.

ಬಡ್ಡಿಯ ಬಗ್ಗೆ ಬರೆಯಬಹುದೇ ಎಂಬುದು ನಿಮ್ಮ ಒಪ್ಪಂದವನ್ನೂ ಅನ್ವಯವಾಗುವ ದೇಶದ ಕಾನೂನನ್ನೂ ಅವಲಂಬಿಸಿದೆ. ಬ್ರಿಟನ್ನಿನ 1998ರ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಬೇರೆ ದರವಿಲ್ಲದಿದ್ದರೆ, ವ್ಯವಹಾರ ಸಂಸ್ಥೆಗಳ ನಡುವಿನ ತಡವಾದ ಪಾವತಿಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರಕ್ಕೆ ಶೇಕಡ 8 ಸೇರಿಸಿದ ದರದಲ್ಲಿ ಬಡ್ಡಿ ಕೇಳಬಹುದು. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದಲ್ಲೂ ಇದೇ ಬಗೆಯ ವ್ಯವಸ್ಥೆಯಿದೆ. ಒಪ್ಪಂದದಲ್ಲಿ ಅವಧಿ ಹೇಳದಿದ್ದರೆ ಅಲ್ಲಿ ಸಾಮಾನ್ಯವಾಗಿ 30 ದಿನಗಳ ನಂತರ ಬಡ್ಡಿಯ ಹಕ್ಕು ಹುಟ್ಟುತ್ತದೆ. ಭಾರತದಲ್ಲಿ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಡಿ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನ ಮೀರಿ ಮುಂದೂಡುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟಿನಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ಸಲ್ಲಬೇಕು. ನ್ಯೂಯಾರ್ಕ್ ನಗರದಲ್ಲಿ 2017ರಲ್ಲಿ ಜಾರಿಗೆ ಬಂದ ಕಾಯ್ದೆಯೊಂದು ಸ್ವತಂತ್ರ ವೃತ್ತಿಪರರಿಗೆಂದೇ ರೂಪುಗೊಂಡಿದ್ದು, ಒಪ್ಪಂದದಲ್ಲಿ ದಿನಾಂಕವಿಲ್ಲದಿದ್ದರೆ ಕೆಲಸ ಮುಗಿದ 30 ದಿನಗಳಲ್ಲಿ ಹಣ ಕೊಡಬೇಕೆನ್ನುತ್ತದೆ. ನಿಮಗೆ ಇಂಥ ಹಕ್ಕು ಇರುವುದು ಖಚಿತವಾದರೆ ಮೊದಲ ಪತ್ರಗಳಲ್ಲಿ ಅದನ್ನು ಎತ್ತಬೇಡಿ. ಕೊನೆಯ ಸೂಚನೆಗೆ ಹಿಂದಿನ ಪತ್ರದಲ್ಲಿ ಒಂದು ವಾಕ್ಯವಾಗಿ ಸೇರಿಸಿ, ಮತ್ತು ನಿಗದಿತ ದಿನದೊಳಗೆ ಅಸಲು ಬಂದರೆ ಬಡ್ಡಿಯನ್ನು ಬಿಟ್ಟುಕೊಡಲು ಸಿದ್ಧ ಎಂದು ಬರೆಯಿರಿ. ಬಿಟ್ಟುಕೊಡಲು ನಿಮ್ಮ ಕೈಯಲ್ಲಿ ಏನಾದರೂ ಇರುವುದು ಮಾತುಕತೆಯಲ್ಲಿ ದೊಡ್ಡ ಅನುಕೂಲ.

ಇದೇ ಕ್ಲೈಂಟ್ ಈ ನಡುವೆ ಹೊಸ ಕೆಲಸ ಕೊಟ್ಟರೆ ಸಂತೋಷದಿಂದ ಒಪ್ಪಿಕೊಳ್ಳಿ, ಆದರೆ ಹಳೆಯ ಬಾಕಿ ತೀರಿದ ದಿನದಿಂದ ಕೆಲಸ ಆರಂಭಿಸುವುದಾಗಿ ತಿಳಿಸಿ. ಇದು ಬೆದರಿಕೆಯಲ್ಲ, ವ್ಯವಹಾರದ ಸಾಮಾನ್ಯ ಷರತ್ತು. ನಡೆಯುತ್ತಿರುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವುದು ಮಾತ್ರ ಬೇರೆ ಸಂಗತಿ: ಒಪ್ಪಂದದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ನೋಡದೆ ನಿಲ್ಲಿಸಿದರೆ ಒಪ್ಪಂದ ಮುರಿದವರು ನೀವೇ ಆಗಬಹುದು.

ಹಣ ಬಂದ ದಿನವೂ ಒಂದು ಇಮೇಲ್ ಬರೆಯಿರಿ. ಬಂದ ದಿನಾಂಕ ಮತ್ತು ಮೊತ್ತ ತಿಳಿಸಿ, ಸಹಕರಿಸಿದವರಿಗೆ ಹೆಸರು ಹಿಡಿದು ಧನ್ಯವಾದ ಹೇಳಿ, ತೆರಿಗೆ ಮುರಿದುಕೊಂಡಿದ್ದರೆ ಅದರ ಪ್ರಮಾಣಪತ್ರ ಕೇಳಿ. ಅದೇ ಪತ್ರದಲ್ಲಿ ಮುಂದಿನ ಇನ್‌ವಾಯ್ಸ್‌ಗೆ ಬೇಕಾದ ವಿವರಗಳನ್ನು ಪಡೆದುಕೊಳ್ಳಿ: ಯಾವ ವಿಳಾಸಕ್ಕೆ ಕಳುಹಿಸಬೇಕು, ಪರ್ಚೇಸ್ ಆರ್ಡರ್ ಸಂಖ್ಯೆ ಬೇಕೇ, ಪಾವತಿಯ ಸುತ್ತು ಯಾವ ದಿನ ನಡೆಯುತ್ತದೆ, ಅದಕ್ಕೆ ಎಷ್ಟು ದಿನ ಮೊದಲು ಇನ್‌ವಾಯ್ಸ್ ತಲುಪಿರಬೇಕು. ಆ ಮುಂದಿನ ಇನ್‌ವಾಯ್ಸ್‌ನ ಗಡುವಿಗೆ ಒಂದು ವಾರ ಮೊದಲೇ ಅಕೌಂಟ್ಸ್ ವಿಭಾಗಕ್ಕೆ ಎರಡು ಸಾಲು ಬರೆದು, ಅದು ದಾಖಲಾಗಿ ಅನುಮೋದನೆಯಾಗಿದೆಯೇ ಎಂದು ವಿಚಾರಿಸಿ. ಗಡುವು ಇನ್ನೂ ಮುಗಿದಿಲ್ಲವಾದ್ದರಿಂದ ಆ ಪ್ರಶ್ನೆಯನ್ನು ಯಾರೂ ತಗಾದೆಯೆಂದು ತಿಳಿಯುವುದಿಲ್ಲ, ಮತ್ತು ಇನ್‌ವಾಯ್ಸ್‌ನಲ್ಲಿ ಏನಾದರೂ ಕೊರತೆಯಿದ್ದರೆ ತಿದ್ದಿ ಕಳುಹಿಸಲು ನಿಮಗೆ ಏಳು ದಿನಗಳು ಸಿಗುತ್ತವೆ.